ಗುಲಾಬಿ ಬಣ್ಣದ ಐಸ್ ಪೆಟ್ಟಿಗೆ ಮತ್ತು ನಿಮ್ಮ ಗೇಟಿನ ಕೋಲು

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ಕಳೆದ ಮಂಗಳವಾರ ಬೆಳಿಗ್ಗೆ ನಿಮ್ಮ ಕಾವಲುಗಾರರು ನಮ್ಮ ಐದು ವರ್ಷದ ಲಿಗಾಯಾಳ ಕೀಮೋ ಔಷಧಿಯನ್ನು ಬೂಟುಗಾಲಿನಿಂದ ಒದ್ದು ಒಡೆದರು, ಅವಳ ಅಪ್ಪನ ಹಲ್ಲು ಉದುರಿಸಿದರು. ನೀವು ಆ ಅಪ್ಪನೇ ಆಸ್ಪತ್ರೆಗೆ ಕಾಲಿಡಬಾರದೆಂದು ಆದೇಶ ಹೊರಡಿಸಿದ್ದೀರಿ. ವಾಹ್! ದೂರಿನ ಪತ್ರವನ್ನು ಕೃತಜ್ಞತೆಯಿಂದ ಆರಂಭಿಸಬೇಕೆಂದು ನಮ್ಮ ಕಾನ್ವೆಂಟಿನ ಇಂಗ್ಲಿಷ್ ಟೀಚರು ಕಲಿಸಿದ್ದರು. ಕೃತಜ್ಞಳಾಗಿದ್ದೇನೆ: ದವಡೆ ಹಲ್ಲುಗಳನ್ನಾದರೂ ಉಳಿಸಿದ್ದಕ್ಕೆ.

ಅಂದಿಗೆ ನನ್ನ ಮದುವೆಯಾಗಿ ಹತ್ತೊಂಬತ್ತು ದಿನ. ಅರ್ನೆಲ್ ಎಂಬ ಪ್ರಪಂಚದ ಅತಿ ಒಳ್ಳೆಯ ಗಂಡ ಸಿಕ್ಕಿದ್ದಾನೆ (ಕ್ಷಮಿಸಿ, ಹೇಳದೆ ಇರಲಾರೆ!). ಲಿಗಾಯಾ ಅವನ ಅಣ್ಣ ಕ್ರಿಸಾಂತೊ ಭಾವನ ಮಗಳು. ಅವಳ ಅಮ್ಮ ಹಾಂಗ್‌ಕಾಂಗಿನಲ್ಲಿ ಇನ್ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಹಾಗಾಗಿ ಭಾವ ಜೀಪ್ನಿ ಬಸ್ಸು ಓಡಿಸುವುದನ್ನು ಬಿಟ್ಟು ವಾರ್ಡಿನಲ್ಲೇ ಇದ್ದರು. ನಿಮ್ಮಲ್ಲಿ ಕೀಮೋ ಔಷಧಿ ಇರುವುದಿಲ್ಲ. ಹೊರಗೆ ಕೊಂಡು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಆ ಕೆಲಸ ನಾನೇ ಕೇಳಿ ಪಡೆದೆ. ಮದುವೆಯ ಉಡುಗೊರೆಗಳಲ್ಲಿ ಗುಲಾಬಿ ಬಣ್ಣದ ಐಸ್ ಪೆಟ್ಟಿಗೆಯಿತ್ತಲ್ಲ! ಅದರ ರಿಬ್ಬನ್ನನ್ನೂ ಬಿಚ್ಚಿರಲಿಲ್ಲ.

ಫಿಲಿಪೀನ್ಸಿನಲ್ಲಿ ಹುಟ್ಟಿದವರಿಗೆ ಕೋಲು ಹೊಸದಲ್ಲ. ಮಾಲ್, ಬ್ಯಾಂಕ್, ಬಸ್ ನಿಲ್ದಾಣ, ಎಲ್ಲೇ ಹೋಗಲಿ, ಕಾವಲುಗಾರ ನಮ್ಮ ಚೀಲಕ್ಕೆ ಕೋಲು ತೂರಿಸಿ ಎರಡು ಸಲ ಕದಡಿ ಒಳಗೆ ಬಿಡುತ್ತಾನೆ. ಆ ಕೋಲು ಇಂದಿನವರೆಗೆ ಒಂದು ಬಾಂಬನ್ನಾದರೂ ಹಿಡಿದಿದೆಯೇ, ಮಾನ್ಯರೇ?

ಅಂದು ನಿಮ್ಮ ಗೇಟಿನ ಕಾವಲುಗಾರ ಕೋಲೆತ್ತಿ ಕೇಳಿದ: "ಪೆಟ್ಟಿಗೇಲಿ ಏನ್ ಮೇಡಂ?"

"ಐಸ್‌ಕ್ಯಾಂಡಿ ಅಣ್ಣಾ! ಮಾವಿನ್ಹಣ್ಣಿಂದು. ಬೇಕಾ?"

ತಮಾಷೆ ಮಾಡಿದ್ದೆ. ಇಂಥ ಪೆಟ್ಟಿಗೆ ಹಿಡಿದ ಹೆಂಗಸರೆಲ್ಲ ಅದನ್ನೇ ಮಾರುತ್ತಾರಲ್ಲ. ಅವನು ನಗಲಿಲ್ಲ.

"ಒಳಗೆ ಮಾರೋ ಹಾಗಿಲ್ಲ. ಬೋರ್ಡ್ ಕಾಣಲ್ವಾ?"

"ಅಯ್ಯೋ, ಸುಮ್ನೆ ಅಂದೆ! ಮಗೂನ ಔಷಧಿ ಅದು. ಕೋಲು ಹಾಕ್ಬೇಡಿ!"

"ಸಿಕ್ಕಿಬಿದ್ಮೇಲೆ ಎಲ್ರೂ ಔಷಧಿ ಅಂತಾರೆ."

ಒದ್ದ. ತಪಾಸಣೆಗೆ ನೆಲದ ಮೇಲಿಟ್ಟಿದ್ದ ಪೆಟ್ಟಿಗೆ ಮೆಟ್ಟಿಲುಗಳ ಮೇಲೆ ಉರುಳಿತು. ಮಂಜುಗಡ್ಡೆಯ ನಡುವೆ ಗಾಜು ಒಡೆದ ಸಣ್ಣ ಸದ್ದು ನನಗೆ ಕೇಳಿಸಿತು.

ಮೊದಲು ಹೊಡೆದದ್ದು ಭಾವ. ಮುಚ್ಚಿಡುವುದಿಲ್ಲ. ಗಾಜಿನ ಬಾಗಿಲಾಚೆ ಕಾಯುತ್ತಿದ್ದವರು ಓಡಿಬಂದು ಕೋಲು ಕಿತ್ತುಕೊಂಡು ಅವನ ಕಿವಿಯ ಮೇಲೆ ಒಂದೇ ಒಂದು ಬಿಟ್ಟರು. ಆಮೇಲೆ ಮೂವರು ಕಾವಲುಗಾರರು ಸೇರಿ ಅವರನ್ನು ನೆಲಕ್ಕೆ ಕೆಡವಿದರು. ಒಬ್ಬ ಕುತ್ತಿಗೆಯ ಮೇಲೆ ಮೊಣಕಾಲೂರಿದ, ಇನ್ನೊಬ್ಬ ಪಕ್ಕೆಗೆ ಒದ್ದ, ಮೂರನೆಯವನು ಬಾಯಿಗೆ. ನಾನು ಒಬ್ಬನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದೆ. ಮದುವೆಯ ಉಗುರುಬಣ್ಣದ ಚಕ್ಕೆ ಅವನ ಅಂಗಿಗೆ ಹತ್ತಿತು.

ಆಗ ಬಾಗಿಲಲ್ಲಿ ಲಿಗಾಯಾ ನಿಂತಿದ್ದಳು. ಕೂದಲಿಲ್ಲದ ತಲೆ, ಸೂಜಿ ಚುಚ್ಚಿದ ಕೈಗೆ ಪಟ್ಟಿ. ಮಾಸ್ಕ್ ಕೆಳಗೆಳೆದು ಕೂಗಿದಳು: "ಅಪ್ಪಾ, ಅಳ್ಬೇಡ! ಹತ್ತು ಎಣ್ಸು! ಹತ್ತಾದ್ಮೇಲೆ ನೋಯಲ್ಲ!"

ಸೂಜಿ ಚುಚ್ಚುವಾಗ ಭಾವ ಅವಳಿಗೆ ಹೇಳಿಕೊಡುವ ಮಾತದು. ಅವರು ಎಣಿಸುತ್ತಾರೆ, ಅವಳು ಕೈ ಕೊಡುತ್ತಾಳೆ. ಅಂದು ಅವಳೇ ಎಣಿಸತೊಡಗಿದಳು. ನಿಮ್ಮವರು ಹತ್ತಾದ ಮೇಲೂ ನಿಲ್ಲಿಸಲಿಲ್ಲ.

ಶುಕ್ರವಾರ ಹೊಸ ಸೀಸೆ ತಂದೆವು. ಅವಳು ಕೈ ಕೊಡಲಿಲ್ಲ. ಇಬ್ಬರು ನರ್ಸುಗಳನ್ನು ಒದ್ದಳು, ನನ್ನನ್ನು ಕಚ್ಚಿದಳು (ಯಾರಿಂದ ಕಲಿತಳೋ!). ನಾನು ಎಣಿಸಿದರೆ, "ಚಿಕ್ಕಮ್ಮಾ, ನಿಂಗೆ ಬರಲ್ಲ. ಅಪ್ಪನ್ನ ಕರಿ," ಎಂದಳು. ಹೆದರಿಕೆಯಲ್ಲಿ ಒದ್ದಾಡುವ ಮಗುವಿನ ನರಕ್ಕೆ ಆ ಔಷಧಿ ಹಾಕಲಾಗದು, ಹೊರಗೆ ಸೋರಿದರೆ ಮಾಂಸ ಸುಡುತ್ತದೆ ಎಂದರು ಡಾಕ್ಟರು. ಚಿಕಿತ್ಸೆಯನ್ನು ಬರುವ ಮಂಗಳವಾರದಾಚೆಗೆ ಮುಂದೂಡಲೂ ಆಗದಂತೆ. ನಿಮ್ಮ ಆದೇಶಕ್ಕೆ ಆರು ತಿಂಗಳ ಅವಧಿಯಿದೆ. ಆ ಕಾಯಿಲೆಗೂ ಒಂದು ಪ್ರತಿ ಕಳಿಸಿದ್ದೀರಾ?

ತಮಾಷೆ ನನ್ನದು, ಆ ಕಾವಲುಗಾರನ ಕ್ಷಮೆಯನ್ನು ಬರೆದು ಕೇಳುತ್ತೇನೆ. ಕಚ್ಚಿದ್ದೂ ನಾನೇ, ಬೇಕಾದರೆ ನನ್ನನ್ನು ನಿಷೇಧಿಸಿ. ಆದರೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕ್ರಿಸಾಂತೊ ಭಾವನನ್ನು ಆ ಬಾಗಿಲಿನಿಂದ ಒಳಗೆ ಬಿಡಿ. ಅವರ ಕೈಯಲ್ಲಿ ಔಷಧಿಯ ಪೆಟ್ಟಿಗೆ ಇರುತ್ತದೆ. ಅದಕ್ಕೆ ಯಾರೂ ಕೋಲು ತೂರಿಸಕೂಡದು. ಬಿಡದಿದ್ದರೆ ಎಂಟೂ ಐದಕ್ಕೆ ನಾನು ಗೇಟಿನಲ್ಲಿರುತ್ತೇನೆ. ನನ್ನ ಹಲ್ಲುಗಳು ಮೂವತ್ತೆರಡೂ ಗಟ್ಟಿಯಾಗಿವೆ.

ಇಂತಿ,
ಜೀವಮಾನದಲ್ಲಿ ಒಂದೂ ಐಸ್‌ಕ್ಯಾಂಡಿ ಮಾರದ,
ಲಿಗಾಯಾಳ ಹೊಸ ಚಿಕ್ಕಮ್ಮ
ಜೊವಿಲಿನ್