ತಳದ ಹಲಗೆ

ಮರಗೆಲಸದ ಅಂಗಡಿಯಿಂದ,
ಮಂಗಳವಾರ ಬೆಳಿಗ್ಗೆ, ಮತದಾನಕ್ಕೆ ಐದು ದಿನ ಮೊದಲು

ನನ್ನ ಮುದ್ದು ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕೆಮ್ಮು ಹೇಗಿದೆ? ಪಾಠ ಹೇಳಿ ಹೇಳಿ ಗಂಟಲು ಹಾಳು ಮಾಡಿಕೊಂಡಿದ್ದೀಯ, ಹೇಳಿದರೆ ಕೇಳುವವಳಲ್ಲ. ನಾನು ಗಟ್ಟಿಯಾಗಿದ್ದೇನೆ. ನಿಮ್ಮಮ್ಮನನ್ನು ನಿನ್ನೆ ಚಿಕ್ಕಮ್ಮನ ಮನೆಗೆ ಕಳಿಸಿದೆ. ಯಾಕೆ, ಏನು ಎಂದು ಪ್ರಾಣ ತಿಂದಳು. ಮಂಡಿನೋವಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಎಂದು ಸುಳ್ಳು ಹೇಳಿದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಹಾಲಿನ ವ್ಯಾನಿನವನ ಕೈಗೆ ಕೊಡುತ್ತೇನೆ. ಓದಿ ಒಲೆಗೆ ಹಾಕು.

'ಒಂದು ಸೀಟು ಖಾಲಿಯಾಗಿ ಅದಕ್ಕಷ್ಟೇ ನಡೆದರೆ ಉಪಚುನಾವಣೆ, ಇಡೀ ದೇಶದ ಎಲ್ಲ ಸೀಟಿಗೂ ಒಟ್ಟಿಗೆ ನಡೆದರೆ ಸಾರ್ವತ್ರಿಕ ಚುನಾವಣೆ' ಎಂದು ನೀನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಎರಡಕ್ಕೂ ಬಿಸಿಲಲ್ಲಿ ನಿಲ್ಲೋದು ತಪ್ಪೋದಿಲ್ಲವಲ್ಲ ಎಂದು ನಾನು ರೇಗಿಸಿದ್ದೆ. ಹೋದ ಉಪಚುನಾವಣೆಗೆ ನಾಲ್ಕು ಹಳೇ ಮತಪೆಟ್ಟಿಗೆ ರಿಪೇರಿ ಮಾಡಿಕೊಟ್ಟಿದ್ದೆ, ಅಷ್ಟೇ. ಈ ಸಲ ಸಾರ್ವತ್ರಿಕ, ನಮ್ಮ ಕ್ಷೇತ್ರಕ್ಕೇ ನೂರಾ ಹತ್ತು ಹೊಸವು. ಕೆಲಸ ತಂದ ಗುತ್ತಿಗೆದಾರ ಸದಾ ಹಲ್ಲು ಕಿರಿಯುತ್ತಾನೆ, ಅವನಿಗೆ ನಗುಮುಖ ಎಂದೇ ಹೆಸರಿಟ್ಟಿದ್ದೇನೆ. ತಳದ ಹಲಗೆಗೆ ಮೊಳೆ ಬೇಡ, ಸಂದು ಕೊರೆದು ಜಾರಿಸಿಬಿಡಿ, ಪಾಲಿಶ್‌ನಲ್ಲಿ ಗೊತ್ತಾಗಬಾರದು ಎಂದ. ಎಣಿಸೋದಕ್ಕೆ ಸುಲಭ ಎಂದ. ನಾನೂ ಪೆದ್ದ, ನಂಬಿದೆ.

ಹಾಗಾದರೆ ಮುಚ್ಚಳಕ್ಕೆ ಬೀಗ ಯಾಕೆ ಎಂದು ಮೊನ್ನೆ ಕೇಳಿದೆ. 'ಬೀಗ ನೋಡೋರಿಗೆ, ಯಜಮಾನ್ರೇ. ನಿಮ್ಮ ಟೀಚರ್ ಮಗಳೂ ಮತಗಟ್ಟೆ ಅಧಿಕಾರಿ ಅಂತಲ್ಲ? ಒಳ್ಳೇ ಹುಡುಗಿ, ಸುಮ್ನೆ ಸಹಿ ಹಾಕ್ತಾಳೆ' ಎಂದ. ಆಗ ಗೊತ್ತಾಯಿತು ಪುಟ್ಟಿ, ತಳ ಜಾರೋದು ಎಣಿಸೋದಕ್ಕಲ್ಲ, ಬೀಗ ಮುಟ್ಟದೆ ಒಳಗಿನ ಮತಚೀಟಿ ಬದಲಿಸೋದಕ್ಕೆ. ಇಡೀ ದೇಶ ಎಂದರೆ ಊರಿಗೊಬ್ಬ ಬಡಗಿ, ಊರಿಗೊಬ್ಬ ನಗುಮುಖ ಅಲ್ಲವಾ?

ಪೆಟ್ಟಿಗೆ ಭದ್ರವಾಗಿದೆ ಎಂದು ಬರೆದು ನೀನು ಸಹಿ ಹಾಕಬೇಕು. ನಮ್ಮಪ್ಪನ ಕೆಲಸ ಗಟ್ಟಿ ಎಂದು ಚಿಕ್ಕಂದಿನಿಂದ ಬೀದಿಯೆಲ್ಲ ಸಾರಿಕೊಂಡು ಬಂದವಳು ನೀನು. ನಿನ್ನ ಕೈಯಲ್ಲಿ ಸುಳ್ಳು ಬರೆಸಲು ನನಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನ ಲಾರಿ ಬರುತ್ತದೆ, ಇನ್ನು ಬರೆಯೋದು ನಿಲ್ಲಿಸುತ್ತೇನೆ. ಬಿಸಿನೀರು ಕುಡಿ, ಚೆನ್ನಾಗಿರು ಕಂದಾ.

ಇತಿ,
ನಿನ್ನ ಅಪ್ಪ

ಮುಖ್ಯವಾದದ್ದೇ ಬಿಟ್ಟೆ: ನೂರಾ ಹತ್ತಕ್ಕೂ ಸಂದಿನೊಳಗೆ ಅಂಟು ಸುರಿದು ಮೊಳೆ ಹೊಡೆದು, ಕಾಣದಂತೆ ಮೇಲೆ ಪಾಲಿಶ್ ಎಳೆದಿದ್ದೇನೆ. ನೀನು ಧೈರ್ಯವಾಗಿ ಸಹಿ ಹಾಕು. ಮತದಾನ ಮುಗಿದ ಮೇಲೆ ನಗುಮುಖನ ಕಡೆಯವರು ತಳ ಎಳೆದು ನೋಡುತ್ತಾರೆ, ಅದು ಬರುವುದಿಲ್ಲ. ಆಮೇಲೆ ಇಲ್ಲಿಗೇ ಬರುತ್ತಾರೆ. ನೀನು ಮನೆಗೆ ಬರಬೇಡ, ನೇರವಾಗಿ ಅಮ್ಮನ ಹತ್ತಿರ ಹೋಗು. ನಾನು ಈಗಲೇ ಎಲ್ಲಾದರೂ ಹೋದರೆ ಅನುಮಾನ ಬಂದು ಪೆಟ್ಟಿಗೆ ಪರೀಕ್ಷಿಸುತ್ತಾರೆ. ಅಂಗಡಿ ತೆರೆದಿರಬೇಕು, ನಾನು ಕಾಣುತ್ತಿರಬೇಕು. ಅಮ್ಮ ಕೇಳಿದರೆ, ಅಪ್ಪನಿಗೆ ಕೆಲಸ ಮುಗಿದಿಲ್ಲವಂತೆ ಎನ್ನು.