ಫರ್ ಮರದ ಅರ್ಧ ರೆಂಬೆ

ಕೊಚೆವ್ಯೆ,
ಅಕ್ಟೋಬರ್ ೧೨

ಪ್ರೀತಿಯ ವಿಂಕೊ,

ಸೊಂಟನೋವು ಹೇಗಿದೆ? ನಾನು ಹೆಣೆದ ಉಣ್ಣೆಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಹಡಗುಕಟ್ಟೆಯ ಜೊತೆಗಾರರು ನಗುತ್ತಾರೆಂದು ಪೆಟ್ಟಿಗೆಯ ತಳಕ್ಕೆ ಹಾಕಿದ್ದೀಯೋ? ನಾನು ಚೆನ್ನಾಗಿದ್ದೇನೆ. ಬೆಳಗಿನ ಕಾಫಿಗೆ ಈಗಲೂ ಇಬ್ಬರ ಲೆಕ್ಕದ ನೀರೇ ಇಡುತ್ತೇನೆ, ಆಮೇಲೆ ಎರಡು ಬಟ್ಟಲೂ ನಾನೇ ಕುಡಿದು ಎದೆ ಡವಡವ ಎನ್ನಿಸಿಕೊಂಡು ಕೂರುತ್ತೇನೆ. ಇನ್ನೊಂದು ಚಳಿಗಾಲವೂ ನಾರ್ವೆಯಲ್ಲೇ ಇರಲು ಸಹಿ ಹಾಕುವೆನೆಂದು ಬರೆದಿದ್ದೀಯ. ಅದಕ್ಕೆ ಉತ್ತರ ಕೊನೆಗೆ.

ಗಂಡು ಜಿಂಕೆ ಹೊಡೆಯಲು ನಿನಗೆ ಬರಬೇಕಿದ್ದ ಸರದಿಯನ್ನು ಬೇಟೆ ಸಂಘದವರು ಈ ಸಲ ನನಗೆ ಕೊಟ್ಟರು. ನಿನ್ನ ಒಂಬತ್ತು ಮಿಲಿಮೀಟರಿನ ದೊಡ್ಡ ಕೋವಿ ಮುಟ್ಟಲಿಲ್ಲ, ಬೈಯಬೇಡ. ಅದರ ಒದೆತಕ್ಕೆ ಹೆದರಿ ಟ್ರಿಗರ್ ಒತ್ತುವ ಮೊದಲೇ ನನ್ನ ಕಣ್ಣು ಮುಚ್ಚುತ್ತದೆ. ಕಣ್ಣು ಮುಚ್ಚಿದರೆ ಗುಂಡು ಹೊಟ್ಟೆಗೆ ಬಿದ್ದು, ಆ ಪ್ರಾಣಿ ಯಾವುದೋ ಪೊದೆಯಲ್ಲಿ ನರಳಬೇಕು. ಅಪ್ಪನ ಆರೂವರೆ ಮಿಲಿಮೀಟರಿನ ಸಣ್ಣದನ್ನೇ ಒಯ್ದೆ. "ಗುಬ್ಬಿ ಹೊಡೆಯೋ ಕೋವಿ ಕಣೇ ಅದು!" ಎಂದು ಛೇಡಿಸುತ್ತಿದ್ದೆಯಲ್ಲ, ಅದೇ.

ಅಟ್ಟಣೆಯ ಮೇಲೆ ಸಂಘದ ಸ್ಟಾನೆ ತಾತ ಪಕ್ಕದಲ್ಲಿದ್ದ. ಜಿಂಕೆ ಬಂದು ನನಗೆ ನೇರ ಎದುರಾಗಿ ನಿಂತಿತು. ಎದುರಿಂದ ಹೊಡೆದರೆ ಗುಂಡು ಒಳಗೆ ಎಲ್ಲಿ ಹೊರಳುತ್ತದೋ ಏನೋ, ಕಾದೆ. "ಹೊಡಿಯೇ ಮಾರಾಯ್ತಿ, ಅದೇನು ಫೋಟೊ ತೆಗೆಸ್ಕೊಳ್ಳೋಕೆ ನಿಂತಿಲ್ಲ!" ಎಂದು ತಾತ ಕಿವಿಯಲ್ಲಿ ಪಿಸುಗುಡುತ್ತಲೇ ಇದ್ದ. ಕೊನೆಗೂ ಅದು ಅಡ್ಡ ತಿರುಗಿ ಮುಂಗಾಲನ್ನು ಮುಂದಿಟ್ಟಿತು. ಭುಜದ ಹಿಂದೆ, ಎದೆಯ ಕೆಳಭಾಗಕ್ಕೆ ಗುರಿಯಿಟ್ಟೆ. ಹುಲ್ಲುಗಾವಲು ದಾಟುವುದರೊಳಗೆ ಬಿತ್ತು. ಹತ್ತಿರ ಹೋದಾಗ ಉಸಿರಿರಲಿಲ್ಲ. ನನಗೆ ಅಳು ಬಂತು, ನೀನು ಇರಬೇಕಿತ್ತು.

ತಾತ ಫರ್ ಮರದ ರೆಂಬೆ ಮುರಿದು, ಅರ್ಧವನ್ನು ಕೊನೆಯ ತುತ್ತೆಂದು ಜಿಂಕೆಯ ಬಾಯಿಗಿಟ್ಟ. ಲಿವರಿಗೆ ಈರುಳ್ಳಿ ಹಾಕಿ ಹುರಿದು ಅವನ ಮನೆಗೂ ಕೊಟ್ಟೆ. ನಿನ್ನ ಪಾಲಿನ ಮಾಂಸ ಫ್ರೀಜರಿನಲ್ಲಿದೆ.

ಪಟ್ಟಿ ಕಟ್ಟಿಕೊ. ತಾತ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ.

ನಿನ್ನವಳೇ ಆದ,
ದರಿಂಕಾ

ನಿನಗೆ ಕೊಡಬೇಕಾದ ಉತ್ತರ ಮರೆತಿಲ್ಲ: ರೆಂಬೆಯ ಉಳಿದರ್ಧವನ್ನು ಗಾಯದ ರಕ್ತಕ್ಕೆ ಮುಟ್ಟಿಸಿ ತಾತ ನನಗೆ ಕೊಡಲು ಬಂದ. ಬೇಟೆ ಗೆದ್ದವರ ಗುರುತಾದ ಅದನ್ನು ನಾವೇ ಟೋಪಿಗೆ ಸಿಕ್ಕಿಸಿಕೊಳ್ಳುವಂತಿಲ್ಲ, ಇನ್ನೊಬ್ಬರು ಕೈಯಾರೆ ಕೊಡಬೇಕು, ನಿನಗೆ ಗೊತ್ತಲ್ಲ. ವಿಂಕೊ ಬಂದು ಕೊಡಲಿ ಎಂದೆ. "ಅವನು ಬರೋಷ್ಟರಲ್ಲಿ ಬರೀ ಕಡ್ಡಿ ಉಳಿದಿರುತ್ತೆ ಕಣಮ್ಮಾ" ಎಂದ. ಕಿಟಕಿಯ ಹತ್ತಿರ ನೀರಿನ ಲೋಟದಲ್ಲಿಟ್ಟಿದ್ದೇನೆ, ಇನ್ನೂ ಹಸಿರಾಗಿದೆ. ಸಹಿ ಹಾಕಬೇಡ. ನನ್ನ ಟೋಪಿ ಬೋಳಾಗಿದೆ, ಬಾ.