ಬಾಗಿಲಲ್ಲಿ ಹಾಸಿಗೆ

ಮಾರ್ಚ್ 3, ಬೆಳಿಗ್ಗೆ 9.40
ಲಾಗಿನ್ ನೋಡ್ ಮತ್ತೆ ಮಲಗಿದೆ. ಇನ್ನೂರು ಸಂಶೋಧಕರಿಗೆ ಕ್ಲಸ್ಟರ್ — ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಸಾಲು — ಒಳಗೆ ಹೋಗಲು ಅದೊಂದೇ ಬಾಗಿಲು, ಅದರ ಉಸ್ತುವಾರಿ ನನ್ನದು. ಕೆಲಸವನ್ನು ಸರದಿಗೆ ಕೊಟ್ಟು ಹೋಗಿ, ಒಳಗಿನ ಮೆಷಿನ್‌ಗಳು ಮಾಡುತ್ತವೆ ಎಂದರೆ ಕೇಳುವುದಿಲ್ಲ. ಬಾಗಿಲಲ್ಲೇ ಹಾಸಿಗೆ ಬಿಚ್ಚುತ್ತಾರೆ, ದೊಡ್ಡ ಲೆಕ್ಕಗಳನ್ನೂ ಅಲ್ಲೇ ಓಡಿಸುತ್ತಾರೆ. ಇವತ್ತು ಕವಾಟದ ಹುಡುಗಿ — ಹೃದಯದ ಕವಾಟದಲ್ಲಿ ರಕ್ತ ಹರಿಯುವುದರ ಮೇಲೆ ಪಿಎಚ್‌ಡಿ. ಎರಡನೇ ಸಲ. ಹೇಳಿ ಹೇಳಿ ಬಾಯಿ ಬತ್ತಿತು.

ಮಾರ್ಚ್ 5
ಕಾವಲಿಗೆ ಒಂದು ಸ್ಕ್ರಿಪ್ಟ್, ಪುಟ್ಟ ಪ್ರೋಗ್ರಾಂ, ಬರೆದೆ. ನಿಮಿಷಕ್ಕೊಮ್ಮೆ ಎದ್ದು ಎಲ್ಲರನ್ನೂ ನೋಡುತ್ತದೆ, ಮಿತಿ ಮೀರಿದ ಕೆಲಸವನ್ನು ಕೊಲ್ಲುತ್ತದೆ. ನನ್ನ ಕೆಲಸಗಳನ್ನು ಮಾತ್ರ ಪಟ್ಟಿಯಿಂದ ಬಿಟ್ಟಿದ್ದೇನೆ. ಬೇಗ ಮನೆಗೆ ಬಂದೆ. ಗಂಡನ ಕೊಂಕು — "ಏನಿವತ್ತು, ಕೆಲಸದಿಂದ ತೆಗೆದ್ರಾ?" ನಗಲೂ ಸುಸ್ತು.

ಮಾರ್ಚ್ 11, ಮಧ್ಯಾಹ್ನ
ನೋಡ್ ಬಿತ್ತು. ಬಿದ್ದಾಗ ಒಳಗಿದ್ದವರಲ್ಲಿ ಕವಾಟದ ಹುಡುಗಿಯ ಹೆಸರೂ ಇತ್ತು. ಇನ್ನೇನು ನೋಡುವುದು... ಅವಳ ಅಕೌಂಟನ್ನು ಒಂದು ವಾರಕ್ಕೆ ಮುಚ್ಚಿಬಿಟ್ಟೆ. ಓಡಿ ಬಂದಳು.
"ಮೇಡಂ, ಒಂದು ಫೈಲ್ ಕಾಪಿ ಮಾಡ್ತಿದ್ದೆ ಅಷ್ಟೇ. ಹದಿನಾರಕ್ಕೆ ಥೀಸಿಸ್ ಕೊಡ್ಬೇಕು. ಕೊನೇ ಲೆಕ್ಕ ಇನ್ನೂ ಓಡ್ಸಿಲ್ಲ."
"ಪ್ರತಿ ಸಲಾನೂ ಅಷ್ಟೇ ಅಂತೀಯಲ್ಲಮ್ಮ."
"ಈ ಸಲ ನಿಜ ಮೇಡಂ."
ಹಾಗಾದರೆ ಹಿಂದಿನದೆಲ್ಲ ಸುಳ್ಳು ಎಂದಾಯಿತು. ಕಳಿಸಿಬಿಟ್ಟೆ.

ಮಾರ್ಚ್ 17
ಅವಳ ಅಕೌಂಟ್ ಇನ್ನೂ ಮುಚ್ಚಿದೆ. ಆದರೂ ನೋಡ್ ಬಿತ್ತು. ನೋಡ್‌ನಲ್ಲಿ ನಡೆದದ್ದೆಲ್ಲ ದಾಖಲಾಗುವ ಲಾಗ್ ತೆರೆದು ಕೂತೆ. ಡಿಸ್ಕ್ ನಿಧಾನವಾದರೆ ನನ್ನ ಸ್ಕ್ರಿಪ್ಟ್ ನಿಮಿಷದೊಳಗೆ ಮುಗಿಯುವುದಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಏಳುತ್ತದೆ, ಮತ್ತೊಂದು, ಮಗದೊಂದು; ನನ್ನವೆಂದು ಪಟ್ಟಿಯಿಂದ ಬಿಟ್ಟಿದ್ದರಿಂದ ಅವನ್ನು ಕೊಲ್ಲುವವರೂ ಇಲ್ಲ. ನಾನೂರ ಹನ್ನೆರಡು ಕಾವಲುಗಾರರು ಸೇರಿ ನೋಡನ್ನು ತುಳಿದಿದ್ದಾರೆ. ಹನ್ನೊಂದನೇ ತಾರೀಖೂ ಇದೇ ಕಥೆ. ಅವಳು ನಿಜವಾಗಿಯೂ ಒಂದು ಫೈಲ್ ಕಾಪಿ ಮಾಡುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿದೆ.
ಥೀಸಿಸ್ ಕೊಡುವ ದಿನ ನಿನ್ನೆಗೆ ಮುಗಿಯಿತು. ನಾಚಿಕೆಯಾಗುತ್ತಿದೆ.

ಮಾರ್ಚ್ 18, 10.30
ಅವಳ ಗೈಡ್‌ಗೆ ಫೋನ್ ಮಾಡಿದೆ. ತಪ್ಪು ಕ್ಲಸ್ಟರಿನವರದು ಎಂದು ಬರೆದುಕೊಟ್ಟರೆ ಕಮಿಟಿ ಹತ್ತು ದಿನ ಕೊಡಬಹುದಂತೆ. ಇಲ್ಲದಿದ್ದರೆ ಅವಳು ಆರು ತಿಂಗಳು ಕಾಯಬೇಕು. ನಮ್ಮ ಹೆಡ್ ಸರ್‌ಗೆ ಹೇಳಿದೆ. "ಯಾರಿಗೂ ಗೊತ್ತಿಲ್ವಲ್ಲ. ಸ್ಕ್ರಿಪ್ಟ್ ಸರಿ ಮಾಡಿ ಸುಮ್ನಿರಿ. ಹೇಗೂ ಅವಳಿಗೆ ಮೊದಲಿಂದ ನೋಡ್ ಬೀಳಿಸೋಳು ಅಂತ್ಲೇ ಹೆಸರು." ಆ ಹೆಸರು ಕೊಟ್ಟವಳು ನಾನೇ.

11.50
ಕಮಿಟಿಗೆ ಮೇಲ್ ಬರೆಯುತ್ತಿದ್ದೆ. 'ನೋಡ್ ಬಿದ್ದದ್ದು ಅವರಿಂದಲ್ಲ' ಎಂಬಲ್ಲಿಗೆ ನಿಂತಿತ್ತು. ಅವಳೇ ಬಂದಳು. ಕಣ್ಣು ಊದಿತ್ತು.
"ವಾರ ಆಯ್ತು ಮೇಡಂ. ಅಕೌಂಟ್ ತೆರೆದುಕೊಡಿ. ನನ್ನದೇ ತಪ್ಪು. ಇನ್ಮೇಲೆ ಫೈಲ್ ಕಾಪಿನೂ ಮಾಡಲ್ಲ."
ಕೂತ್ಕೋಮ್ಮ, ನೀರು ಕುಡಿದು ಬರ್ತೀನಿ ಎಂದು ಹೇಳಿ ಮೆಷಿನ್ ರೂಮಿಗೆ ಬಂದು ಇದನ್ನು ಗೀಚುತ್ತಿದ್ದೇನೆ. ಗಾಜಿನಾಚೆ ಕೂತಿದ್ದಾಳೆ, ಕೈ ಕಟ್ಟಿಕೊಂಡು. ಹೋಗಿ ಹೇಳುತ್ತೇನೆ. ಮೇಲ್ ಆಮೇಲೆ ಕಳಿಸಿದರಾಯಿತು... ಇಲ್ಲ. ಮೊದಲು ಮೇಲ್, ಅವಳೆದುರಿಗೇ. ನಿಂತಲ್ಲಿಂದ ಮುಂದಿನ ಪದ: 'ನನ್ನಿಂದ'.